ಹೆಸರಿಲ್ಲದ ಪೊಟ್ಟಣದಲ್ಲಿ ಕಪ್ಪು ಬೀಜ. ಏನಿದು ಸರ್?

ಪ್ರಶ್ನೆ: ನಮಸ್ಕಾರ ಸರ್. ನಮ್ಮಕ್ಕ ಕೋಲ್ಕತ್ತಾದಲ್ಲಿ ಮನೆ ಖಾಲಿ ಮಾಡಿ ಬಂದಳು. ಅಲ್ಲಿನ ಮಸಾಲೆ ಸಾಮಾನೆಲ್ಲ ನನ್ನ ಪಾಲಿಗೆ ಬಂತು. ಪೊಟ್ಟಣಗಳ ಮೇಲೆ ಹೆಸರಿಲ್ಲ. ಅಡುಗೆಯವರು ತರುತ್ತಿದ್ದದ್ದು, ಅವಳಿಗೂ ಗೊತ್ತಿಲ್ಲ. ಎಳ್ಳಿನಷ್ಟಿರುವ ಕಪ್ಪು ಬೀಜ ಒಂದು. ನೋಡಲು ಓಂಕಾಳಿನ ಹಾಗೇ ಇದ್ದು ಆ ವಾಸನೆಯೇ ಇಲ್ಲದ್ದು ಇನ್ನೊಂದು. ಮೂರನೆಯದು ಸುಕ್ಕುಗಟ್ಟಿದ ಕಂದು ಕಾಯಿ, ಮೂಸಿದರೆ ಹೊಗೆ ವಾಸನೆ. ಕೆಟ್ಟಿದೆಯಾ?

ಉತ್ತರ (ಗ್ರಂದಿಗೆ ಅಂಗಡಿಯವರು): ಕಾಯಿ ಕೆಟ್ಟಿಲ್ಲ ಮೇಡಂ, ಎಸೆದೀರಿ ಮತ್ತೆ! ಅದು ದೊಡ್ಡ ಏಲಕ್ಕಿ. ಸಿಕ್ಕಿಂನಲ್ಲಿ ಬೆಳೆದು ಭಟ್ಟಿಯಲ್ಲಿ ಬೆಂಕಿಯ ಶಾಖಕ್ಕೆ ಒಣಗಿಸುತ್ತಾರೆ, ಅದಕ್ಕೇ ಹೊಗೆ ವಾಸನೆ. ಪಲಾವಿಗೆ ಚೆನ್ನ. ಪಾಯಸಕ್ಕೆ ಬೇಡ.

ಓಂಕಾಳಿನಂಥದ್ದು ರಾಂಧುನಿ ಇರಬೇಕು. ಬಂಗಾಳಿಗಳು ಶುಕ್ತೋ ಎಂಬ ಕಹಿ ಪಲ್ಯಕ್ಕೆ ಹಾಕುತ್ತಾರೆ. ಅಂಗೈಯಲ್ಲಿ ಉಜ್ಜಿ ಮೂಸಿ. ಓಂಕಾಳಾದರೆ ಮೂಗಿಗೆ ಹೊಡೆಯುತ್ತದೆ. ಇದು ಸೆಲರಿ ಸೊಪ್ಪಿನ ಹಾಗೆ ಬರುತ್ತದೆ. ಒಗ್ಗರಣೆಗೆ ಒಂದು ಚಿಟಿಕೆ ಸಾಕು, ಜಾಸ್ತಿಯಾದರೆ ಬೇರೆ ರುಚಿಯೇ ತಿಳಿಯುವುದಿಲ್ಲ.

ಕಪ್ಪು ಬೀಜದ್ದೇ ತಲೆನೋವು. ಫೋಟೋ ಹಾಕಿದ್ದೀರಿ, ಸರಿ. ಆದರೆ ಫೋಟೋದಲ್ಲಿ ಕಲೋಂಜಿ, ಈರುಳ್ಳಿ ಬೀಜ, ಕಾಮಕಸ್ತೂರಿ ಎಲ್ಲ ಒಂದೇ ಥರ. ಮೊದಲು ಒಂದು ಚಮಚ ನೀರಿಗೆ ನಾಲ್ಕು ಕಾಳು ಹಾಕಿ. ಕಾಮಕಸ್ತೂರಿಯಾದರೆ ಸ್ವಲ್ಪ ಹೊತ್ತಿನಲ್ಲೇ ಸುತ್ತ ಬಿಳಿ ಲೋಳೆ ಕಟ್ಟಿ ಉಬ್ಬುತ್ತದೆ. ಉಬ್ಬದಿದ್ದರೆ ಒಣ ಕಾಳನ್ನು ಜಜ್ಜಿ ಮೂಸಿ. ಉದ್ದಕ್ಕೆ, ನುಣ್ಣಗೆ, ಹೊಳೆಯುತ್ತಿದ್ದರೆ ಹುಚ್ಚೆಳ್ಳು, ಅದನ್ನು ನೀವೇ ಗುರುತಿಸುತ್ತೀರಿ.

ಪ್ರಶ್ನೆ ಕೇಳಿದವರು: ನೀರಿನಲ್ಲಿ ಅರ್ಧ ಗಂಟೆ ಇಟ್ಟೆ, ಹಾಗೇ ಇದೆ. ಕಾಳಿಗೆ ಮೂಲೆಗಳಿವೆ, ಹೊಳಪಿಲ್ಲ. ಜಜ್ಜಿದರೆ ಓಂಕಾಳಿಗೆ ಮೆಣಸು ಸೇರಿಸಿದಂಥ ಘಾಟು.

ಉತ್ತರ: ಹಾಗಾದರೆ ಕಲೋಂಜಿಯೇ. ನಾನ್ ಮೇಲೆ ಉದುರಿಸಿರುತ್ತಾರಲ್ಲ, ಅದು. ಅಲ್ಲಿ ಇದನ್ನೂ ಹಸಿಮೆಣಸಿನಕಾಯಿಯನ್ನೂ ಎಣ್ಣೆಗೆ ಹಾಕಿ ಮೀನಿನ ತೆಳು ಸಾರು ಮಾಡುತ್ತಾರೆ. ಎಣ್ಣೆ ಜಾಸ್ತಿ ಕಾಯಿಸಬೇಡಿ, ಸೀದರೆ ಕಹಿ.

ಅಂಗಡಿಯಲ್ಲಿ ಕೇಳುವಾಗ ಮಾತ್ರ ಹುಷಾರು. ‘ಕರಿಜೀರಿಗೆ’ ಎಂದರೆ ಒಬ್ಬರು ಇದನ್ನು ಕೊಡುತ್ತಾರೆ, ಇನ್ನೊಬ್ಬರು ಶಾಹಿ ಜೀರಿಗೆ, ಮತ್ತೊಬ್ಬರು ಔಷಧಿಯ ಕಹಿ ಜೀರಿಗೆ. ಕೆಲವರು ಇದನ್ನೇ ಈರುಳ್ಳಿ ಬೀಜ ಅನ್ನುತ್ತಾರೆ, ಅದು ತಪ್ಪು. ಬಿತ್ತನೆಯ ಈರುಳ್ಳಿ ಬೀಜಕ್ಕೆ ಔಷಧಿ ಹಚ್ಚಿರುತ್ತಾರೆ, ಅಡುಗೆಗೆ ಬಳಸಲೇಬಾರದು.

ಇನ್ನೊಬ್ಬ ಸದಸ್ಯರು: ಸರ್, ಇಲ್ಲೇ ಕೇಳ್ತೀನಿ. ಕಾಳುಮೆಣಸಿಗೆ ಪಪ್ಪಾಯಿ ಬೀಜ ಬೆರೆಸಿದ್ದಾರೆ ಅನ್ನೋ ಅನುಮಾನ. ನೀರಿಗೆ ಹಾಕಿದರೆ ಕೆಲವು ತೇಲಿದವು.

ಉತ್ತರ: ಪಪ್ಪಾಯಿ ಬೀಜ ತೇಲುತ್ತದೆ, ನಿಜ. ಆದರೆ ಬಲಿಯದ ಜೊಳ್ಳು ಮೆಣಸೂ ತೇಲುತ್ತದೆ, ಅಷ್ಟಕ್ಕೇ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ತೇಲಿದ್ದನ್ನು ಒಣಗಿಸಿ ಒಡೆಯಿರಿ. ಜೊಳ್ಳಾದರೂ ಮೆಣಸಿಗೆ ಮೆಣಸಿನ ವಾಸನೆ ಇದ್ದೇ ಇರುತ್ತದೆ. ಪಪ್ಪಾಯಿ ಬೀಜ ಮೊಟ್ಟೆಯಾಕಾರ, ಮೆಣಸಿನಷ್ಟು ಗುಂಡಗಿರುವುದಿಲ್ಲ. ಅಂಥವು ಸಿಕ್ಕರೆ ಇಡೀ ಪೊಟ್ಟಣ ವಾಪಸ್ ಕೊಡಿ.