ಅಪ್‌ಡೇಟ್: ಅಮ್ಮನ ಹಲ್ಲು ಮತ್ತು ಕಣ್ಣಿನ ವಿಮೆ

ಅಮೆರಿಕದಲ್ಲಿ ನಮ್ಮೊಂದಿಗಿದ್ದು, ಗ್ರೀನ್ ಕಾರ್ಡ್ ಬಂದು ಐದು ವರ್ಷ ಕಳೆದ ಮೇಲೆ ಮೆಡಿಕೇರ್‌ಗೆ (ಹಿರಿಯರಿಗಾಗಿ ಇಲ್ಲಿನ ಸರ್ಕಾರ ನಡೆಸುವ ಆರೋಗ್ಯ ವಿಮೆ) ಸೇರಿದ ಅಮ್ಮನಿಗೆ ಹಲ್ಲು, ಕಣ್ಣಿನ ಖರ್ಚಿಗೆ ಯಾವ ವಿಮೆ ಮಾಡಿಸಬೇಕೆಂದು ಇಲ್ಲಿ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಕಣ್ಣಿನ ವಿಷಯ ಬೇಗ ಬಗೆಹರಿಯಿತು. ಮೂಲ ಮೆಡಿಕೇರ್ (ಸರ್ಕಾರವೇ ನೇರವಾಗಿ ಕೊಡುವ ವಿಮೆ) ಮಾಮೂಲಿ ತಪಾಸಣೆಗಾಗಲಿ ಕನ್ನಡಕಕ್ಕಾಗಲಿ ಹಣ ಕೊಡುವುದಿಲ್ಲ. ಆದರೆ ಅಮ್ಮನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆಯೂ, ಮುಂದೆ ಪೊರೆಯ ಶಸ್ತ್ರಚಿಕಿತ್ಸೆಯಾದರೆ ಅದೂ, ನಂತರದ ಒಂದು ಜೊತೆ ಕನ್ನಡಕವೂ ಅದರ ಪಾರ್ಟ್ ಬಿ (ವೈದ್ಯರ ಭೇಟಿ, ಹೊರರೋಗಿ ಚಿಕಿತ್ಸೆಯ ಭಾಗ) ಅಡಿಯಲ್ಲಿ ಬರುತ್ತವೆ.

ಹಲ್ಲಿನದೇ ದೊಡ್ಡ ತಲೆನೋವು. ಹಲವರು ಸೂಚಿಸಿದ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳಲ್ಲಿ (ಮೂಲ ಮೆಡಿಕೇರ್ ಬದಲು ಖಾಸಗಿ ಕಂಪನಿಗಳು ಕೊಡುವಂಥವು) ಹಲ್ಲು, ಕಣ್ಣು ಎರಡೂ ಸೇರಿದ್ದರೂ, ನಾವು ನೋಡಿದವುಗಳ ನೆಟ್‌ವರ್ಕ್‌ನಲ್ಲಿ, ಅಂದರೆ ಯೋಜನೆಗೆ ಒಪ್ಪಂದವಿರುವ ವೈದ್ಯರ ಪಟ್ಟಿಯಲ್ಲಿ, ಅಮ್ಮನ ಹೃದ್ರೋಗ ತಜ್ಞರಿರಲಿಲ್ಲ. ಮೇಲಾಗಿ, ಅದಕ್ಕೆ ಸೇರಲು ಅಮ್ಮನ ಮೆಡಿಗ್ಯಾಪನ್ನು (ಮೂಲ ಮೆಡಿಕೇರ್ ಕೊಡದೆ ಉಳಿಸುವ ಪಾಲನ್ನು ಭರಿಸುವ ಖಾಸಗಿ ಪೂರಕ ವಿಮೆ) ಒಮ್ಮೆ ಬಿಟ್ಟರೆ ಬಹುತೇಕ ರಾಜ್ಯಗಳಲ್ಲಿ ಆರೋಗ್ಯದ ಕಾರಣವೊಡ್ಡಿ ಮತ್ತೆ ಅದನ್ನು ನಿರಾಕರಿಸುವ ಅವಕಾಶ ಕಂಪನಿಗಳಿಗಿದೆ. ಹಾಗಾಗಿ ಪ್ರತ್ಯೇಕ ದಂತ ವಿಮೆಯನ್ನೇ ಕೊಂಡೆವು. ವರ್ಷದ ಮಿತಿ 1,500 ಡಾಲರ್. ಕ್ರೌನ್ (ಹಲ್ಲಿನ ಮೇಲಿನ ಕವಚ), ಬ್ರಿಡ್ಜ್‌ಗಳಿಗೆ (ಇಲ್ಲದ ಹಲ್ಲಿನ ಜಾಗದಲ್ಲಿ ಅಕ್ಕಪಕ್ಕದ ಹಲ್ಲುಗಳ ಆಧಾರದಿಂದ ಕೂರಿಸುವ ಕೃತಕ ಹಲ್ಲು) 12 ತಿಂಗಳು ಕಾಯಬೇಕು. ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಷರತ್ತೂ ಇತ್ತು: ವಿಮೆ ಆರಂಭವಾಗುವ ಮೊದಲೇ ಇಲ್ಲದಿದ್ದ ಹಲ್ಲಿನ ಜಾಗಕ್ಕೆ ಏನು ಕಟ್ಟಿಸಿದರೂ ಹಣ ಸಿಗದು. ಅಮ್ಮ ಶಿವಮೊಗ್ಗದಲ್ಲೇ ಕೀಳಿಸಿಕೊಂಡು ಬಂದಿದ್ದ ಕೆಳದವಡೆಯ ಹಲ್ಲು ಅಲ್ಲಿಗೆ ಲೆಕ್ಕದಿಂದ ಹೊರಗುಳಿಯಿತು. (ಏಜೆಂಟರು ಇದನ್ನು ತಾವಾಗಿ ಹೇಳುತ್ತಾರೆಂದು ನಿರೀಕ್ಷಿಸಬೇಡಿ.)

ಆ ಹಲ್ಲಿನ ಜಾಗಕ್ಕೆ ಬೇಕಾದ ಬ್ರಿಡ್ಜನ್ನು ವಿಶ್ವವಿದ್ಯಾಲಯದ ದಂತ ಕಾಲೇಜಿನ ಕ್ಲಿನಿಕ್ಕಿನಲ್ಲಿ ಮಾಡಿಸುತ್ತಿದ್ದೇವೆ. ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ವಿದ್ಯಾರ್ಥಿಗಳೇ ಕೆಲಸ ಮಾಡುವುದರಿಂದ ಪ್ರತಿ ಭೇಟಿಗೂ ಅರ್ಧ ದಿನ ಹೋಗುತ್ತದೆ, ಆದರೆ ಖಾಸಗಿ ದಂತವೈದ್ಯರು ಕೇಳಿದ್ದಕ್ಕಿಂತ ಬಹಳ ಕಡಿಮೆ ಹಣದಲ್ಲಿ ಮುಗಿಯಲಿದೆ.