ಕದ್ದವನಿಗೆ ಕಥೆ ಸಿಗುತ್ತದೆ, ಕಳ್ಳನೆನಿಸಿಕೊಂಡವನಿಗೆ?

ಗಲ್ಲಾದವನು, ಮುಂಬಯಿ

ಓದುವ ಅಭ್ಯಾಸವಿರುವವರಿಗೆ ಒಂದು ಪ್ರಶ್ನೆ. ಮೊದಲು ನನ್ನ ಸಂಗತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದು ಬರಿಯ ಪುಸ್ತಕದ ಪ್ರಶ್ನೆಯಂತೆ ತೋರುತ್ತದೆ.

1982ರಲ್ಲಿ ನಾನು ಲಾಲ್‌ಬಾಗಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದೆ. ಬೆಂಗಳೂರಿನ ಹೂದೋಟವಲ್ಲ, ಗಿರಣಿಗಳ ಲಾಲ್‌ಬಾಗ್. ಆ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾಗಿ ಎರಡೂವರೆ ಲಕ್ಷದಷ್ಟು ಕಾರ್ಮಿಕರು ಮನೆಯಲ್ಲಿ ಕುಳಿತರು. ಪಾಳಿ ಬಿಟ್ಟೊಡನೆ ನುಗ್ಗುತ್ತಿದ್ದ ಗಿರಾಕಿಗಳು ಇಲ್ಲವಾದರು, ಬಂದವರದ್ದೂ ಉದ್ರಿ. ಧಣಿಗಳು ರಾತ್ರಿ ಚಿಲ್ಲರೆಯನ್ನೂ ತಾವೇ ಎಣಿಸತೊಡಗಿದರು. ಅಂಥ ಹೊತ್ತಿನಲ್ಲಿ ನಾನು ಹತ್ತು, ಇಪ್ಪತ್ತು ಎಂದು ಮುನ್ನೂರು ರೂಪಾಯಿ ಎತ್ತಿದ್ದೆ. ಊರಿನಲ್ಲಿ ತಾಯಿಗೆ ಕಾಯಿಲೆ ಎಂದೇನೂ ಅಲ್ಲ. ನನಗೊಂದು ಎಚ್‌ಎಂಟಿ ಕೈಗಡಿಯಾರ ಬೇಕಿತ್ತು.

ಲೆಕ್ಕ ತಪ್ಪಿದ್ದು ಬಯಲಾದಾಗ ನಾನು ಬಾಯಿ ಬಿಡಲಿಲ್ಲ. ಅಪವಾದ ಟೇಬಲ್ ಒರೆಸುವ ಮಾಣಿಯ ತಲೆಗೆ ಬಂತು. ಹದಿಮೂರೋ ಹದಿನಾಲ್ಕೋ ವರ್ಷ, ಕುಂದಾಪುರದ ಕಡೆಯವನು. ಗಲ್ಲಾದ ಕೆಳಗೆ ಕಸ ಗುಡಿಸಲು ಬರುತ್ತಿದ್ದವನು ಅವನೊಬ್ಬನೇ ಎಂಬುದೇ ಸಾಕ್ಷಿ. ಅವನ ತಗಡಿನ ಪೆಟ್ಟಿಗೆಯನ್ನು ಎಲ್ಲರ ಮುಂದೆ ತೆರೆಸಿದರು. ಎರಡು ಅಂಗಿ, ಒಂದು ಚಡ್ಡಿ, ತೆಂಗಿನೆಣ್ಣೆಯ ಸೀಸೆ, ರಾತ್ರಿ ಶಾಲೆಯ ಕನ್ನಡ ಪುಸ್ತಕ. ಎಣ್ಣೆ ಸೋರಿ ಪುಸ್ತಕದ ಹಾಳೆಗಳೆಲ್ಲ ಒಂದರ ಅಕ್ಷರ ಇನ್ನೊಂದರಲ್ಲಿ ಕಾಣುವಂತಾಗಿದ್ದವು. ದುಡ್ಡು ಸಿಗಲಿಲ್ಲ. ಸಿಗದಿದ್ದರೆ ಖರ್ಚು ಮಾಡಿದ್ದಾನೆ ಎಂದೇ ಲೆಕ್ಕ. ಮರುದಿನ ಊರಿನ ಬಸ್ಸು ಹತ್ತಿಸಿದರು, ಆಗ ಕೊಂಕಣ ರೈಲು ಎಲ್ಲಿತ್ತು? ಟಿಕೆಟ್ಟಿನ ದುಡ್ಡನ್ನು ಗಲ್ಲಾದಿಂದ ಎಣಿಸಿ ಕೊಟ್ಟವನು ನಾನೇ.

ನಿವೃತ್ತನಾದ ಮೇಲೆ ಪಾಪ, ಪಶ್ಚಾತ್ತಾಪಗಳ ಪುಸ್ತಕಕ್ಕೇ ಕೈ ಹೋಗುತ್ತದೆ. ದೊಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯನ್ನು ಎರಡು ಸಲ ಓದಿದೆ. ಅದರ ನಾಯಕ ರಾಸ್ಕೋಲ್ನಿಕೋವ್ ಕೊಂದದ್ದು ಇಬ್ಬರನ್ನು. ಒಬ್ಬಳು ಗಿರವಿ ಹಿಡಿಯುವ ಮುದುಕಿ, ಇನ್ನೊಬ್ಬಳು ಆ ಹೊತ್ತಿಗೆ ಒಳಗೆ ಕಾಲಿಟ್ಟ ಅವಳ ತಂಗಿ ಲಿಜವೇತಾ. ಮುದುಕಿಯ ಬಗ್ಗೆ ಪುಟಗಟ್ಟಲೆ ವಾದಿಸುತ್ತಾನೆ. ಲಿಜವೇತಾ ತನಗೆ ನೆನಪೇ ಆಗುವುದಿಲ್ಲವಲ್ಲ ಎಂದು ಒಮ್ಮೆ ಅವನಿಗೇ ಸೋಜಿಗವಾಗುತ್ತದೆ, ಅಷ್ಟೆ. ಕೊನೆಗೆ ಅವನಿಗೆ ಪ್ರೀತಿಸುವ ಸೋನ್ಯಾ ಇದ್ದಾಳೆ, ಸೈಬೀರಿಯಾದ ಎಂಟು ವರ್ಷವಿದೆ, ಹೊಸ ಬದುಕಿನ ಸುಳಿವೂ ಇದೆ. ಲಿಜವೇತಾಳಿಗೆ ಏನಿದೆ?

ಪೆಟ್ಟಿಗೆ ತೆರೆದು ತೋರಿಸಬೇಕಾದವನಿಗೂ ಏನಾದರೂ ಸಿಗುವ ಕೃತಿ ಇದೆಯೇ? “ಆಗ ನೀವೂ ಹುಡುಗನೇ ಅಲ್ಲವೇ ಅಪ್ಪಾ” ಎಂದಳು ಮಗಳು. ಇಪ್ಪತ್ತೆರಡು ವರ್ಷದವನು ಹುಡುಗನಲ್ಲ.

ಕೊತ್ರೂಡಿನ ಟೀಚರ್, ಪುಣೆ

ರಾಯರೇ, ರಷ್ಯಾದವರೆಗೆ ಏಕೆ ಹೋದಿರಿ? 1209ರ ನಮ್ಮ ಜನ್ನನ ‘ಯಶೋಧರ ಚರಿತೆ’ ಇದೆಯಲ್ಲ. ರಾಜ ಯಶೋಧರ ಬಲಿಗೆಂದು ಕಡಿದದ್ದು ಹಿಟ್ಟಿನ ಕೋಳಿಯನ್ನು. ಜೀವಬಲಿ ಬೇಡವೆಂದು ತಾಯಿಯೊಡನೆ ಮಾಡಿಕೊಂಡ ರಾಜಿ ಅದು. ಆದರೆ ಕತ್ತಿ ಬಿದ್ದಾಗ ಹಿಟ್ಟು ಕೂಗುತ್ತದೆ, ಅದರೊಳಗೊಂದು ಬೆಂತರ ಸೇರಿಕೊಂಡಿರುತ್ತದೆ. ಆ ಕೂಗನ್ನು ಓದುವಾಗ ತರಗತಿಯ ಗಲಾಟೆಯ ಹುಡುಗರೂ ಸುಮ್ಮನಾಗುತ್ತಿದ್ದರು.

ಆಮೇಲೆ ಅವನು ಯಾರ ಮುಂದೆಯೂ ತಪ್ಪೊಪ್ಪಿಕೊಂಡು ಹಗುರಾಗುವುದಿಲ್ಲ. ನವಿಲಾಗಿ ಹುಟ್ಟುತ್ತಾನೆ, ತಾಯಿ ನಾಯಿಯಾಗುತ್ತಾಳೆ. ಜನ್ಮ ಜನ್ಮಕ್ಕೂ ಕೊಲ್ಲಿಸಿಕೊಳ್ಳುವ ಸರದಿ. ಕಡೆಗೆ ಇಬ್ಬರೂ ನಿಜವಾದ ಕೋಳಿಗಳಾಗಿ ಯಶೋಧರನ ಸ್ವಂತ ಮಗನ ಬಾಣಕ್ಕೇ ಸಾಯುತ್ತಾರೆ. ಮನುಷ್ಯರಾಗುವುದು ಅದರ ನಂತರ. ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಇದೇ ಇರಬೇಕು. ಜನ್ನನಲ್ಲಿ ತಪ್ಪಿತಸ್ಥನು ಪೆಟ್ಟು ತಿಂದವನ ಜಾಗಕ್ಕೇ ಹೋಗಿ ನಿಲ್ಲಬೇಕು. (ಯಶೋಧರನ ರಾಣಿ ಅಮೃತಮತಿಗೆ ಮಾತ್ರ ಜನ್ನ ನ್ಯಾಯ ಮಾಡಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ, ಆ ಮಾತು ಇನ್ನೊಮ್ಮೆ.)

ಡೊಂಬಿವಲಿ ಫಾಸ್ಟ್

ಮಾರಾಯರೇ, ನಾನೂ ಹೋಟೆಲಿನ ಮಾಣಿಯಾಗಿದ್ದವನು, ರಾತ್ರಿ ಶಾಲೆಯಲ್ಲಿ ತೂಕಡಿಸುತ್ತಾ ಹತ್ತನೆಯ ತರಗತಿ ದಾಟಿದವನು. ಜನ್ಮಾಂತರ ಎಲ್ಲ ಇರಲಿ. ಕುಂದಾಪುರ ಈ ಜನ್ಮದಲ್ಲೇ ಇದೆ, ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಇಳಿಯಬಹುದು. ನಲವತ್ತು ವರ್ಷದಲ್ಲಿ ಒಮ್ಮೆಯೂ ಆ ಕಡೆಗೆ ಟಿಕೆಟ್ ತೆಗೆಯಲಿಲ್ಲವೇ?

ಕೃತಿ ಬೇಕೆಂದರೆ ಒಂದನೆಯ ತರಗತಿಯಿಂದ ಕೇಳಿದ ಗೋವಿನ ಹಾಡು ಸಾಕು. ಹುಲಿ ಬೆಟ್ಟದಿಂದ ಹಾರಿ ಸತ್ತಿತು ಎಂದು ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ಹಾರಿದ್ದರಿಂದ ಹಸುವಿಗೆ ಏನು ಬಂತು? ಅದಕ್ಕೆ ಮೊದಲು ತಿನ್ನದೆ ಬಿಟ್ಟಿತಲ್ಲ, ಬಂದದ್ದು ಅದರಿಂದ. ಹಾರಾಟ ಹುಲಿಯ ಸ್ವಂತ ವ್ಯವಹಾರ.

ಮತ್ತೊಂದು. ಹೋದರೆ ಅಲ್ಲಿ ಕುಳಿತು ಅಳಬೇಡಿ. ನೀವು ಅತ್ತರೆ ಸಮಾಧಾನ ಹೇಳಿ ಚಹಾ ಮಾಡಿಕೊಡುವ ಕೆಲಸವೂ ಅವನದೇ ಆಗುತ್ತದೆ. ಅವನು ಆ ಕೆಲಸ ಸಾಕಷ್ಟು ಮಾಡಿದ್ದಾನೆ.

ವಾಸ್ಕೋದ ಓದುಗ, ಗೋವಾ

ಡೊಂಬಿವಲಿಯವರ ಮಾತನ್ನೇ ಟಾಲ್‌ಸ್ಟಾಯ್ 1899ರಲ್ಲಿ ‘ಪುನರುತ್ಥಾನ’ವೆಂಬ ಕಾದಂಬರಿಯನ್ನಾಗಿ ಬರೆದಿದ್ದಾನೆ. ಶ್ರೀಮಂತ ನೆಹ್ಲೂದೋವ್ ತನ್ನ ಸೋದರತ್ತೆಯರ ಮನೆಯ ಕೆಲಸದ ಹುಡುಗಿ ಕಾತ್ಯೂಷಾಳನ್ನು ಕೆಡಿಸಿ, ಹೊರಡುವಾಗ ನೂರು ರೂಬಲ್ ಕೈಗೆ ತುರುಕಿ ಹೋಗಿರುತ್ತಾನೆ. ವರ್ಷಗಳ ನಂತರ ಅವಳ ಮೇಲೆ ಕೊಲೆಯ ಆರೋಪ ಬಂದಾಗ ಇವನೇ ನ್ಯಾಯಾಲಯದ ಪಂಚರಲ್ಲೊಬ್ಬ. ಪಂಚರು ತೀರ್ಮಾನದಲ್ಲಿ ‘ಕೊಲ್ಲುವ ಉದ್ದೇಶವಿರಲಿಲ್ಲ’ ಎಂಬ ಒಂದು ಮಾತು ಸೇರಿಸಲು ಮರೆತು ಅವಳಿಗೆ ಸೈಬೀರಿಯಾದ ಕಠಿಣ ಶಿಕ್ಷೆಯಾಗುತ್ತದೆ. ಇವನು ಜೈಲಿಗೆ ಹೋಗಿ ಮದುವೆಯಾಗುತ್ತೇನೆ ಎಂದರೆ ಅವಳು ಉರಿದುಬೀಳುತ್ತಾಳೆ. ಅಂದು ನನ್ನಿಂದ ಸುಖ ಪಡೆದೆ, ಇಂದು ನನ್ನನ್ನೇ ಮೆಟ್ಟಿಲು ಮಾಡಿಕೊಂಡು ಸ್ವರ್ಗಕ್ಕೆ ಹೋಗುತ್ತೀಯಾ ಎಂಬ ಅರ್ಥದ ಮಾತು. ಕೊನೆಗೆ ಕ್ಷಮಿಸುತ್ತಾಳೆ, ಆದರೆ ಮದುವೆಗೆ ಒಪ್ಪದೆ ಸಿಮೊನ್ಸನ್ ಎಂಬ ಕೈದಿಯ ಜತೆ ಹೊರಡುತ್ತಾಳೆ. ನೀವು ಕೇಳಿದ ಪುಸ್ತಕ ಇದು. ಇಲ್ಲಿ ಅನ್ಯಾಯಕ್ಕೊಳಗಾದವಳಿಗೆ ಬಾಯಿ ಇದೆ, ಬೇಡ ಎನ್ನುವ ಹಕ್ಕಿದೆ.

ಲಿಜವೇತಾಳ ಬಗ್ಗೆ ಮಾತ್ರ ನಿಮ್ಮದು ಅವಸರದ ಓದು. ಸತ್ತು ಮತ್ತೆ ಎದ್ದ ಲಾಜರಸನ ಬೈಬಲ್ ಕಥೆಯನ್ನು ಸೋನ್ಯಾ ಓದುವುದು ಲಿಜವೇತಾ ತಂದುಕೊಟ್ಟ ಪುಸ್ತಕದಿಂದ. ಸೋನ್ಯಾಳ ಬಳಿಯಿರುವ ತಾಮ್ರದ ಶಿಲುಬೆಯೂ ಲಿಜವೇತಾಳದ್ದೇ. ಸತ್ತವಳು ಆ ಕೋಣೆಯಲ್ಲಿ ಇದ್ದೇ ಇದ್ದಾಳೆ, ನಾಯಕನ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದನ್ನು ಗಮನಿಸಿ. ದೇವರ ಮುಂದೆ ಗುಟ್ಟಾಗಿ ಹೇಳಿಕೋ ಎಂದು ಸೋನ್ಯಾ ಹೇಳುವುದಿಲ್ಲ, ದಾರಿ ಕೂಡುವಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳು ಎನ್ನುತ್ತಾಳೆ. ಅವನು ನೆಲಕ್ಕೆ ಮುತ್ತಿಡುತ್ತಾನೆ, ಸುತ್ತಲಿನವರು ಕುಡುಕನೆಂದು ನಗುತ್ತಾರೆ, ಮಾತು ಗಂಟಲಲ್ಲೇ ಉಳಿಯುತ್ತದೆ. ನಿಮ್ಮ ಮಾಣಿಯ ಪೆಟ್ಟಿಗೆ ತೆರೆದದ್ದು ಎಲ್ಲರ ಮುಂದೆ ಎಂದಿರಿ. ಆ ಎಲ್ಲರಿಗೆ ನಿಜ ಗೊತ್ತಾಗಿದೆಯೇ?

ಗಲ್ಲಾದವನು, ಮುಂಬಯಿ

ನಾಲ್ಕು ದಿನ ಉತ್ತರ ಬರೆಯಲಾಗಲಿಲ್ಲ.

ಡೊಂಬಿವಲಿಯವರು ಹುಲಿಯ ಮಾತೆತ್ತಿದ್ದರಿಂದ ಇದನ್ನು ಹೇಳಬೇಕು. ಎಣ್ಣೆ ಹಿಡಿದ ಆ ಪುಸ್ತಕದಲ್ಲಿ ಅದೇ ಹಾಡಿತ್ತು. ಹುಡುಗ ಟೇಬಲ್ ಒರೆಸುತ್ತಾ ಗುನುಗುತ್ತಿದ್ದ. ಹುಲಿ ಹಾರುವ ಕಡೆಯ ನುಡಿ ಇನ್ನೂ ಬಾಯಿಪಾಠವಾಗಿರಲಿಲ್ಲ. ಅಲ್ಲಿಗೆ ಬಂದಾಗ ತಡೆದು, ಬಟ್ಟೆ ಹಿಂಡಿ, ಮುಂದಿನ ಟೇಬಲಿಗೆ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

ಗಡಿಯಾರ ಕಪಾಟಿನಲ್ಲಿದೆ. ಕೀಲಿ ಕೊಟ್ಟರೆ ಇವತ್ತಿಗೂ ನಡೆಯುತ್ತದೆ.

ಹೋಟೆಲಿದ್ದ ಜಾಗದಲ್ಲಿ ಈಗ ಗಾಜಿನ ಕಟ್ಟಡ. ಧಣಿಗಳು ತೀರಿಕೊಂಡರು. ಅಂದು ಸುತ್ತ ನಿಂತವರಲ್ಲಿ ನನಗೆ ಗೊತ್ತಿರುವಂತೆ ಉಳಿದವರು ಮೂವರು. ವಾಸ್ಕೋದವರ ಕೊನೆಯ ಸಾಲು ಓದಿ, ಠಾಣೆಯಲ್ಲಿರುವ ಒಬ್ಬರಿಗೆ ನಿನ್ನೆ ಸಂಜೆ ಫೋನ್ ಮಾಡಿದೆ. ಆಗ ಅಡಿಗೆಮನೆಯಲ್ಲಿದ್ದವರು, ಈಗ ಕಿವಿ ಮಂದ. ಹಾಗಾಗಿ “ಆ ದುಡ್ಡು ತೆಗೆದದ್ದು ನಾನು” ಎಂಬುದನ್ನು ಮೂರು ಸಲ, ಪ್ರತಿ ಸಲವೂ ಇನ್ನಷ್ಟು ಗಟ್ಟಿಯಾಗಿ ಹೇಳಬೇಕಾಯಿತು. ಪಕ್ಕದ ಮನೆಯ ಕಿಟಕಿ ತೆರೆದಿತ್ತು.

ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ “ಬಸ್ಸು ಹತ್ತಿಸುವ ಮುಂಚೆ ನಾನೂ ಅವನಿಗೆ ಎರಡು ಬಾರಿಸಿದ್ದೆ ಮಾರಾಯ” ಎಂದು ಫೋನ್ ಇಟ್ಟರು.

ಇಂದು ಬೆಳಗ್ಗೆ ಅವರ ಮೊಮ್ಮಗಳ ಮೊಬೈಲಿನಿಂದ ಒಂದು ಸಂದೇಶ ಬಂದಿದೆ. ಊರಿನ ಹೆಸರು, ಅದರ ಕೆಳಗೆ ಹುಡುಗನ ಮನೆಯ ಹೆಸರು.