ದುಡ್ಡು ಕೊಟ್ಟು ಕೊಂಡ ಕಟ್ಟುಪಾಡು

“ಅಲ್ಲ ಕಣೋ, ಇಂಗ್ಲೆಂಡಿನ ಬೋರ್ಡಿಂಗ್ ಶಾಲೆ ಅಂದ್ರೆ ಅರಮನೆ ಥರ ಇರುತ್ತಂತಲ್ಲ?” ಎಂದು ವಾಸು ಕೆಣಕಿದ. ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಅಲ್ಲಿ ಒಂದು ಟರ್ಮ್ ಇದ್ದು ಬಂದ ಗಿರೀಶನಿಗೆ ಅಷ್ಟು ಸಾಕಿತ್ತು.

“ಕಟ್ಟಡ ಅರಮನೇನೇ. ಒಳಗಿನ ಚಳಿಯೂ ರಾಜಮಹಾರಾಜರ ಕಾಲದ್ದೇ! ರೇಡಿಯೇಟರ್ ಬಿಸಿಯಾಗೋದು ನಾವು ಕ್ಲಾಸಿಗೆ ಹೋದ ಮೇಲೆ. ಡಿಸೆಂಬರಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಆ ಮಬ್ಬಲ್ಲೇ ಕೆಸರಲ್ಲಿ ರಗ್ಬಿ.”

“ಒಳ್ಳೇದಾಯ್ತು ಬಿಡು, ಯಾರು ಗುದ್ದಿದ್ರು ಅಂತ ಗೊತ್ತಾಗಲ್ಲ” ಅಂದಳು ಸುಮಾ.

“ಗೊತ್ತಾಗುತ್ತೆ ಮಾರಾಯ್ತಿ. ಗುದ್ದಿದವನೇ ‘ಸಾರಿ’ ಅಂತಾನಲ್ಲ!”

ಆಮೇಲೆ ಹೌಸ್ ಪುರಾಣ ಶುರುವಾಯಿತು. ಹೌಸ್ ಅಂದರೆ ಶಾಲೆಯ ಹುಡುಗರು ಗುಂಪುಗುಂಪಾಗಿ ಇರುವ ಹಾಸ್ಟೆಲ್. ಅಲ್ಲಿ ಶಾಲೆಗಿಂತ ಹೌಸ್ ದೊಡ್ಡದಂತೆ. ನಿದ್ದೆ, ಓದು, ಜಗಳ ಎಲ್ಲ ಹೌಸಿನ ಲೆಕ್ಕಕ್ಕೇ. ಹೌಸ್‌ಮಾಸ್ಟರ್ ಹೆಂಡತಿ, ಮಕ್ಕಳು, ನಾಯಿ ಸಮೇತ ಅದೇ ಕಟ್ಟಡದಲ್ಲಿ ಸಂಸಾರ ಹೂಡಿರುತ್ತಾರೆ. ಮನೆ ನೆನಪಾದ ಹುಡುಗರು ಮೊದಲು ಹೋಗುವುದು ನಾಯಿಯ ಹತ್ತಿರ. ಅದು ಕೇಳಿಸಿಕೊಳ್ಳುತ್ತದೆ, ಮನೆಗೆ ಫೋನ್ ಮಾಡಿ ಹೇಳುವುದಿಲ್ಲ. ನಾಯಿ ಸಿಗದಿದ್ದರೆ ಮೇಟ್ರನ್, ಅಂದರೆ ಹುಡುಗರ ಆರೈಕೆ ನೋಡಿಕೊಳ್ಳುವಾಕೆ.

“ಮೇಟ್ರನ್ ಹತ್ರ ಎಲ್ಲಕ್ಕೂ ಒಂದೇ ಮದ್ದು. ಪ್ಯಾರಸಿಟಮಾಲ್. ಅಳು ಬಂತು ಅಂದ್ರೂ ಅದೇ, ಜೊತೆಗೊಂದು ಬಿಸ್ಕತ್ತು.”

“ಮತ್ತೆ ಹೊಟ್ಟೆಗೆ?”

“ಟೋಸ್ಟ್! ಪ್ರೆಪ್ ಅಂತ ಸಂಜೆ ಓದೋ ಹೊತ್ತಿರುತ್ತೆ, ಪಿಟ್ಟೆನ್ನೋ ಹಾಗಿಲ್ಲ. ಅದು ಮುಗಿದಿದ್ದೇ ಎಲ್ಲರೂ ಟೋಸ್ಟರಿಗೆ ಮುಗಿಬೀಳ್ತಾರೆ. ಆ ದೇಶಕ್ಕೆ ಒಂದೇ ಪುಸ್ತಕದಲ್ಲಿ ಬರೆದಿಟ್ಟ ಸಂವಿಧಾನ ಇಲ್ಲ ನೋಡು, ಟೋಸ್ಟ್ ಮೇಲೇ ನಡೀತಿದೆ ಅಂತ ನನಗೆ ಅನುಮಾನ. ಒಂದಿನ ನಡುರಾತ್ರಿ ಯಾರೋ ಬ್ರೆಡ್ಡು ಸೀಯಿಸಿದ. ಫೈರ್ ಅಲಾರಂ! ಐವತ್ತು ಅರವತ್ತು ಹುಡುಗರು ಡ್ರೆಸಿಂಗ್ ಗೌನಲ್ಲಿ, ಒದ್ದೆ ಹುಲ್ಲಿನ ಮೇಲೆ, ಹಲ್ಲು ಕಟಕಟ ಅನ್ನಿಸ್ತಾ ಸಾಲಾಗಿ ನಿಂತ್ವಿ. ಹೌಸ್‌ಮಾಸ್ಟರು ಟಾರ್ಚ್ ಹಿಡಿದು ಹಾಜರಿ ತಗೊಂಡು, ‘ಯಾರು ಮಾಡಿದ್ದು?’ ಅಂದ್ರು. ಒಬ್ಬನೂ ಬಾಯಿ ಬಿಡಲಿಲ್ಲ. ಆದ್ರೆ ಹಿಂದಿನ ಸಾಲಿಂದ ಕರುಂ ಕುರುಂ ಅಂತ ಸದ್ದು. ಪುಣ್ಯಾತ್ಮ ಬೆಣ್ಣೆ ಹಚ್ಚಿಕೊಂಡೇ ಓಡಿಬಂದಿದ್ದ!”

“ಹಿಡಿದ್ರಾ?”

“ಇಲ್ಲ. ಅವನು ತಿಂದು ಮುಗಿಸೋವರೆಗೂ ಎಲ್ಲರೂ ಕೆಮ್ಮಿದ್ವಿ.”

ಆಡಿಟರ್ ಆಗಿರುವ ವಾಸುವಿಗೆ ಇದೆಲ್ಲ ರುಚಿಸಲಿಲ್ಲ. “ಫೀಸೆಷ್ಟು ಹೇಳು.”

“ನಂದು ಎಕ್ಸ್‌ಚೇಂಜು, ಬಿಟ್ಟಿ. ಈಟನ್, ಹ್ಯಾರೋ ಥರದ ದೊಡ್ಡ ಹೆಸರಿನ ಖಾಸಗಿ ಬೋರ್ಡಿಂಗ್ ಶಾಲೆಗಳಿಗೆ ವರ್ಷಕ್ಕೆ 50,000 ಪೌಂಡ್ ದಾಟುತ್ತೆ. 2025ರ ಜನವರಿಯಿಂದ 20% ವ್ಯಾಟ್ ಬೇರೆ. ಈಟನ್ನನ್ನ 1440ರಲ್ಲಿ ಆರನೇ ಹೆನ್ರಿ ಕಟ್ಟಿಸಿದ್ದು ಬಡ ಹುಡುಗರು ಪುಕ್ಕಟೆ ಓದಲಿ ಅಂತ.”

“ಈಗ ಕಳಿಸಿದ ಅಪ್ಪಂದಿರು ಬಡವರಾಗ್ತಾರೆ, ಅಲ್ಲಿಗೆ ಸರಿಹೋಯ್ತು” ಎಂದ ವಾಸು. “ಅಷ್ಟು ಕೊಟ್ಟು ಚಳಿಯಲ್ಲಿ ನಡುಗಬೇಕು. ಫೋನಾದ್ರೂ ಇಟ್ಕೋಬಹುದಾ?”

“ರಾತ್ರಿ ಒಪ್ಪಿಸಿಬಿಡಬೇಕಿತ್ತು.”

“ಬೆತ್ತ?”

“ಈಗಿಲ್ಲ. ಸರ್ಕಾರಿ ಶಾಲೆಗಳಲ್ಲಿ ಎಂಬತ್ತರ ದಶಕದಲ್ಲೇ ಕಾನೂನು ನಿಲ್ಲಿಸಿತು. ಖಾಸಗಿ ಶಾಲೆಗಳಲ್ಲಿ ಅದು ಪೂರ್ತಿ ನಿಂತಿದ್ದು 1999ರಲ್ಲಿ.”

“ದುಡ್ಡು ಕೊಟ್ಟವರಿಗೆ ಒಂದಿಷ್ಟು ಹೆಚ್ಚಿನ ಸವಲತ್ತು” ಅಂದಳು ಸುಮಾ.

ನನಗನ್ನಿಸುವುದು, ಇಂಗ್ಲಿಷರು ಸುಖಕ್ಕೆ ದುಡ್ಡು ಸುರಿಯುವವರಲ್ಲ. ಅಜ್ಜ ಪಟ್ಟ ಕಷ್ಟ ಮೊಮ್ಮಗನಿಗೂ ತಪ್ಪಬಾರದು, ಅದಕ್ಕೆ. ಗಿರೀಶ ಇದಕ್ಕೂ ಸಾಕ್ಷಿ ಒದಗಿಸಿದ.

“ಈಟನ್ನಲ್ಲಿ ವಾಲ್ ಗೇಮ್ ಅಂತಿದೆ. ಗೋಡೆಗೆ ಒತ್ತಿಕೊಂಡು, ಕೆಸರಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ತಳ್ಳಾಡೋದು. ನವೆಂಬರ್ ಕೊನೆಗೆ ಸೇಂಟ್ ಆಂಡ್ರೂಸ್ ದಿನದ ದೊಡ್ಡ ಪಂದ್ಯದಲ್ಲಿ ಕೊನೇ ಗೋಲು ಬಿದ್ದಿದ್ದು 1909ರಲ್ಲಿ.”

“ಹಾಗಾದ್ರೆ ಜನ ಏನು ನೋಡೋಕೆ ಬರ್ತಾರೆ?”

“ಈ ವರ್ಷವೂ ಬೀಳಲಿಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ.”

“ಬೀಳಿಸಬೇಡಿ ಅಂತ ಹೇಳು,” ಎಂದ ವಾಸು, “ಅದಕ್ಕೂ ವ್ಯಾಟ್ ಹಾಕ್ತಾರೆ.”